ಎರಡರಿಂದ ಐದರವರೆಗೆ ವಿಶ್ರಾಂತಿ

ಒಬ್ಬ ಮನುಷ್ಯ ತನ್ನ ಬದುಕನ್ನು ಎಷ್ಟು ದೂರದಲ್ಲಿಟ್ಟು ನೋಡುತ್ತಾನೆ ಎಂಬುದು ಒಂದು ಯಂತ್ರಕ್ಕೆ ಗೊತ್ತಾಗಿಬಿಟ್ಟರೆ? ಇದಕ್ಕೆ ಉತ್ತರ ಹುಡುಕುವ ಕೆಲಸದಲ್ಲಿ ನಾನಿದ್ದೆ. ಉತ್ತರ ಸಿಕ್ಕಿತು. ಅದನ್ನು ಬರೆದ ವರದಿಯಲ್ಲಿ ನನ್ನ ಹೆಸರು ಮೂರನೆಯದು.

ಹುಬ್ಬಳ್ಳಿಯ ನಮ್ಮ ಕಣ್ಣಾಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಆ ವರ್ಷ ಎರಡು ಲೇಸರ್ ಯಂತ್ರಗಳಿದ್ದವು. ಒಂದೇ ಕೋಣೆಯಲ್ಲಿ, ಜಗಳವಾಡಿದವರಂತೆ ಒಂದಕ್ಕೊಂದು ಬೆನ್ನು ಮಾಡಿಕೊಂಡು. ಎರಡರ ಕೆಲಸವೂ ಒಂದೇ: ಕಾರ್ನಿಯಾ ಎಂಬ ಕಣ್ಣಿನ ಮುಂದಿನ ತಿಳಿ ಪದರವನ್ನು ತಿದ್ದಿ ಕನ್ನಡಕ ಬಿಡಿಸುವುದು. ಹಳೆಯ ಯಂತ್ರ ಗೋಡೆಯ ಮೇಲಿನ ಅಕ್ಷರಪಟ್ಟಿಯ ಲೆಕ್ಕ ಹಿಡಿದು ಎಲ್ಲರ ನಂಬರನ್ನೂ ಸೊನ್ನೆಗೆ ತರುತ್ತಿತ್ತು. ಸೊನ್ನೆ ಎಂದರೆ ದೂರದ್ದೆಲ್ಲ ಸ್ಪಷ್ಟ. ಹೊಸದು ಹಾಗಲ್ಲ. ಅದು ಮೊದಲು ಕೇಳುತ್ತಿತ್ತು: ಈ ಕಣ್ಣಿಗೆ ದೂರ ಏಕೆ ಬೇಕು?

ಕೇಳುವ ವಿಧಾನ ಹೀಗೆ. ರೋಗಿಯ ಕನ್ನಡಕದ ಮೂಗಿನ ಮೇಲೆ ಕೂರುವ ಸೇತುವೆಗೆ ತೊಗರಿಬೇಳೆಯಷ್ಟು ದೊಡ್ಡ ಮಾಪಕವನ್ನು ಅಂಟಿಸುತ್ತಿದ್ದೆವು. ಅವನು ಏನನ್ನಾದರೂ ನೋಡಿದರೆ ಅದು ಎಷ್ಟು ದೂರದಲ್ಲಿದೆ ಎಂದು ಮಾಪಕ ಬರೆದುಕೊಳ್ಳುತ್ತಿತ್ತು. ಚಿತ್ರವಿಲ್ಲ, ಮಾತಿಲ್ಲ, ಬರೀ ದೂರ. ಹದಿಮೂರು ದಿನದ ಕೊನೆಗೆ ಯಂತ್ರಕ್ಕೆ ಆ ಮನುಷ್ಯನ ಬದುಕಿನ ಅಳತೆ ಸಿಗುತ್ತಿತ್ತು. ಲಾರಿ ಓಡಿಸುವವನಿಗೆ ಪೂರ್ತಿ ದೂರ ಕೊಡುತ್ತಿತ್ತು, ಹತ್ತಿರದ ಕೆಲಸ ಮಾಡುವವಳ ಕಣ್ಣಿನಲ್ಲಿ ಬೇಕಾದಷ್ಟು ಹತ್ತಿರವನ್ನು ಉಳಿಸುತ್ತಿತ್ತು. ಎರಡರಲ್ಲಿ ಯಾವುದು ಮೇಲು ಎಂದು ನೋಡಲು ಮೂವತ್ತಾರು ಜನರನ್ನು ಆರಿಸಿಕೊಳ್ಳುವುದಿತ್ತು. ಒಬ್ಬೊಬ್ಬರದೂ ಬಲಗಣ್ಣು ಹಳೆಯ ಯಂತ್ರಕ್ಕೆ, ಎಡಗಣ್ಣು ಹೊಸದಕ್ಕೆ. ಕಣ್ಣು ಪರೀಕ್ಷಿಸಿ ಲೆಕ್ಕ ಇಡುವ ಆಪ್ಟೊಮೆಟ್ರಿಸ್ಟ್ ನಾನು.

ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ನದಾಫ್ ಅವಕ್ಕೆ ಹೆಸರಿಟ್ಟಿದ್ದ. ಹಳೆಯದು ದೊಡ್ಡಪ್ಪ, ಹೊಸದು ಸೊಸೆ.

"ದೊಡ್ಡಪ್ಪ ಯಾರ ಮಾತೂ ಕೇಳೂದಿಲ್ಲ ಮೇಡಂ, ತನಗ ತಿಳದದ್ದ ಮಾಡತಾನ. ಸೊಸಿ ಎಲ್ಲಾ ನೋಡತಾಳ, ಏನೂ ಅನ್ನೂದಿಲ್ಲ."

"ಇಬ್ಬರಾಗ ಯಾರು ಗೆಲ್ಲತಾರ?"

"ಯಾರ ಮನ್ಯಾಗರ ಸೊಸಿ ಗೆದ್ದದ್ದು ನೋಡೀರೇನು?"

*

ನೀಲತ್ತೆ ನನ್ನ ಅಪ್ಪನ ತಂಗಿ. ಪೂರ್ತಿ ಹೆಸರು ನೀಲಾಂಬಿಕಾ. ಮದುವೆಯಾದ ಮೂರನೆಯ ವರ್ಷ ಗಂಡ ತೀರಿಕೊಂಡು ಧಾರವಾಡದ ನಮ್ಮ ಮನೆಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಈಗ ನಲವತ್ತೇಳು. ಅಪ್ಪ ಅವ್ವ ಬೆಳಗಾವಿಯಲ್ಲಿ ಅಣ್ಣನ ಜೊತೆ ಇದ್ದರು. ಧಾರವಾಡದ ಮನೆಯಲ್ಲಿ ನಾನು, ಅವಳು.

ಅವಳ ನಂಬರು ಮೈನಸ್ ಒಂಬತ್ತು. ಅದರ ಮೇಲೆ ಸಿಲಿಂಡರ್ ಎರಡೂಕಾಲು. ಎಂದರೆ ಅವಳ ಕಾರ್ನಿಯಾ ಚೆಂಡಿನಂತೆ ದುಂಡಗಿರದೆ ಒಂದು ಪಕ್ಕಕ್ಕೆ ಅಮುಕಿದಂತಿತ್ತು; ಉದ್ದ ಗೆರೆ ಒಂದು ದೂರದಲ್ಲಿ ಸ್ಪಷ್ಟವಾದರೆ ಅಡ್ಡ ಗೆರೆ ಇನ್ನೊಂದು ದೂರದಲ್ಲಿ. ಅವಳ ಕನ್ನಡಕ ಹಾಕಿಕೊಂಡರೆ ನಮಗೆ ನೆಲವೇ ಬಾವಿಯಾಗುತ್ತಿತ್ತು. ಚಿಕ್ಕವಳಿದ್ದಾಗ ನಾನೇ ಅವಳನ್ನು ಸೋಡಾಬುಡ್ಡಿ ಎಂದು ಕರೆದು ಅವ್ವನಿಂದ ಹೊಡೆಸಿಕೊಂಡಿದ್ದೆ.

ಆದರೆ ಮಧ್ಯಾಹ್ನ ಊಟವಾಗಿ, ಪಾತ್ರೆ ತಿಕ್ಕಿಟ್ಟು, ಮನೆಯವರೆಲ್ಲ ಅಡ್ಡಾದ ಮೇಲೆ ಅವಳು ಪಡಸಾಲೆಯ ಕಿಟಕಿಯ ಹತ್ತಿರ ಕೂರುತ್ತಿದ್ದಳು. ಕನ್ನಡಕ ತೆಗೆದು ಸ್ಟೀಲಿನ ಡಬ್ಬಿಯಲ್ಲಿಡುತ್ತಿದ್ದಳು. ಬಲಗಣ್ಣು ಮುಚ್ಚಿ, ಬಟ್ಟೆಯನ್ನು ಎಡಗಣ್ಣಿಗೆ ನಾಲ್ಕು ಬೆರಳು ಹತ್ತಿರ ತಂದು ಕಸೂತಿ ಹಾಕುತ್ತಿದ್ದಳು. "ಬಟ್ಟಿ ಮೂಸಾಕ ಕುಂತಳು" ಎನ್ನುತ್ತಿದ್ದಳು ನಮ್ಮಜ್ಜಿ.

ಕಸೂತಿಗೆ ಗೆರೆ ಬರೆದುಕೊಳ್ಳುವುದಿಲ್ಲ, ಅಚ್ಚು ಒತ್ತುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿ ಹಾಕಬೇಕು. ಗಂಟು ಕಟ್ಟುವಂತಿಲ್ಲ. ಗವಂತಿ ಎಂಬ ಹೊಲಿಗೆಯಲ್ಲಿ ನಾಲ್ಕು ಎಳೆಗೊಂದು ಮನೆ; ದಾರ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತ ಚಿತ್ರವನ್ನೆಲ್ಲ ಸುತ್ತಿ ಹೋಗುತ್ತದೆ; ಆಮೇಲೆ ಬಿಟ್ಟ ಮನೆಗಳನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ವಾಪಸು ಬರುತ್ತದೆ. ಹೋಗೂ ದಾರಿ, ಬರೂ ದಾರಿ ಎನ್ನುತ್ತಿದ್ದಳು ಅತ್ತೆ. ಮುಗಿದಾಗ ಬಟ್ಟೆಯ ಮುಂದೂ ಹಿಂದೂ ಒಂದೇ ಚಿತ್ರ.

"ಇಷ್ಟು ಸಣ್ಣ ಎಳಿ ಹೆಂಗ ಎಣಸ್ತಿ ಅತ್ತಿ?" ಎಂದು ನಾನು ಹಿಂದೊಮ್ಮೆ ಕೇಳಿದ್ದೆ.

"ಸ್ವಲ್ಪ ಹತ್ತರ ತಂದ್ರ ಹಾಸು ಕಾಣತಾವ, ಹೊಕ್ಕು ಮಂಜಾಗತಾವ. ಸ್ವಲ್ಪ ಹಿಂದ ಹಿಡದ್ರ ಹೊಕ್ಕು ಕಾಣತಾವ, ಹಾಸು ಹೋಗತಾವ. ತಾವ ಬ್ಯಾರೆ ಬ್ಯಾರೆ ಆಗಿ ನಿಲ್ಲತಾವ ನೋಡು. ನಾ ಏನ್ ಮಾಡತೀನಿ, ಬರೇ ಎಣಸ್ತೀನಿ."

ಅವಳ ಸಿಲಿಂಡರ್ ನಂಬರೇ ಅವಳಿಗೆ ಎಳೆ ಬಿಡಿಸಿಕೊಡುತ್ತಿತ್ತು. ಈ ಮಾತು ನನಗೆ ಅರ್ಥವಾಗಿತ್ತು. ಕಾಲೇಜಿನಲ್ಲಿ ಅಸ್ಟಿಗ್ಮ್ಯಾಟಿಸಂ ಎಂಬ ಈ ಸಿಲಿಂಡರ್ ದೋಷದ ಪಾಠವಾದ ದಿನ ಗೆಳತಿಯರಿಗೆ ಇದನ್ನೇ ಹೇಳಿ ದೊಡ್ಡಸ್ತಿಕೆ ಮೆರೆದಿದ್ದೆ. ಆಮೇಲೆ ಮರೆತೆ.

ಇಪ್ಪತ್ತೈದು ವರ್ಷ ಅವಳು ಹಾಕಿದ್ದೆಲ್ಲ ಬೇರೆಯವರ ಸೀರೆಗೆ. ನಾಲ್ಕು ವರ್ಷದಿಂದ ಮಾತ್ರ, ನಡುನಡುವೆ ಬಿಡುವು ಮಾಡಿಕೊಂಡು, ತನಗೇ ಎಂದು ಒಂದು ಕಪ್ಪು ಇಳಕಲ್ ಸೀರೆ ಹಿಡಿದಿದ್ದಳು. ಕಪ್ಪಿನ ಮೇಲೆ ಎಳೆ ಎಣಿಸುವುದು ಎಲ್ಲಕ್ಕಿಂತ ಕಷ್ಟ. ಆನೆಗಳಾಗಿದ್ದವು, ನವಿಲಾಗಿತ್ತು. ಸೆರಗಿನ ನಡುವಿನ ಗೋಪುರ ಉಳಿದಿತ್ತು.

ಒಂದು ಭಾನುವಾರ ಅವಳೇ ಕೇಳಿದಳು.

"ನಿನ್ನ ಮಷೀನಿಗೆ ಮಂದಿ ಸಿಕ್ಕರೇನು?"

"ಇನ್ನೂ ಎಂಟು ಮಂದಿ ಬೇಕು. ನಂಬರು ಜಾಸ್ತಿ ಇದ್ದವರು."

"ನಂದೇನು ಕಡಿಮಿ ಐತೇನು?"

"ನಿಂದು ಊರಿಗೇ ಜಾಸ್ತಿ ಐತಿ."

"ಮತ್ತ ನನ್ನ ಯಾಕ ಬಿಟ್ಟಿ?" ಎಂದು ನಕ್ಕಳು. ಆಮೇಲೆ ಸೆರಗಿನಿಂದ ಕನ್ನಡಕ ಒರೆಸುತ್ತ, "ಇದರಾಗ ಎಲ್ಲಾ ಸಣ್ಣಾಗಿ ಕಾಣತೈತಿ ದಾಕ್ಷು. ನಿನ್ನ ಮಾರಿ ಸೈತ. ಒಮ್ಮೆ ಇದ್ದಷ್ಟು ದೊಡ್ಡದು ನೋಡಬೇಕು" ಎಂದಳು.

ಮರುದಿನ ನಾನೇ ಅವಳ ಕನ್ನಡಕಕ್ಕೆ ಮಾಪಕ ಅಂಟಿಸಿದೆ.

"ಜಳಕಾ ಮಾಡೂವಾಗ?"

"ತೆಗಿ."

"ಮಲಗೂವಾಗ?"

"ತೆಗಿ. ಉಳದದ್ದು ದಿನಾ ಹೆಂಗ ಹಾಕ್ಕೋತೀಯೋ ಹಂಗ ಹಾಕ್ಕೋ. ಮಷೀನ್ ಐತಿ ಅಂತ ಏನೂ ಬದಲಿ ಮಾಡಬ್ಯಾಡ."

ಅವಳು ಏನೂ ಬದಲಿ ಮಾಡಲಿಲ್ಲ.

*

ಹದಿನಾಲ್ಕನೆಯ ದಿನ ಮೂವತ್ತಾರು ಜನರ ದಾಖಲೆ ನನ್ನ ಪರದೆಯ ಮೇಲಿತ್ತು. ದಿನಕ್ಕೊಂದು ಪಟ್ಟಿ, ಪಟ್ಟಿಯ ಮೇಲೆ ಏರುತ್ತ ಇಳಿಯುತ್ತ ಹೋಗುವ ಒಂದು ಗೆರೆ. ಕನ್ನಡಕ ತೆಗೆದಲ್ಲಿ ಗೆರೆ ಇಲ್ಲ, ಬಿಳಿ. ಅಂಥ ಒಂದೊಂದು ಬಿಳಿ ಜಾಗಕ್ಕೂ ಯಂತ್ರ ಕೇಳುತ್ತಿತ್ತು: ಈ ಅವಧಿ ವಿಶ್ರಾಂತಿಯೇ? ಉತ್ತರಕ್ಕೆ ಮೂರು ಗುಂಡಿ: ಹೌದು. ಅಲ್ಲ. ಎಲ್ಲಕ್ಕೂ ಹೌದು.

ಬಿಳಿ ಜಾಗಗಳು ಸಾವಿರದ ಮೇಲಿದ್ದವು.

"ಒಂದೊಂದಾಗಿ ಒತ್ಕೋತ ಕುಂತ್ರ ನಾವ ರಿಟೈರ್ ಆಗತೀವಿ ಮೇಡಂ," ಎಂದ ನದಾಫ್. "ಕನ್ನಡಕ ತೆಗದು ಮನಿಶ್ಯಾ ಮತ್ತೇನು ಮಾಡತಾನ? ಜಳಕಾ ಮಾಡತಾನ, ಇಲ್ಲಾ ಮಲಗತಾನ."

ನಾನು ಪಟ್ಟಿಗಳನ್ನು ಒಮ್ಮೆ ಸರಸರನೆ ಸರಿಸಿ ನೋಡಿದೆ. ಇಪ್ಪತ್ತೊಂಬತ್ತನೆಯ ದಾಖಲೆಯಲ್ಲಿ ಮಧ್ಯಾಹ್ನ ಎರಡರಿಂದ ಐದರವರೆಗೆ, ಹದಿಮೂರು ದಿನವೂ, ಕತ್ತರಿಯಿಂದ ಕತ್ತರಿಸಿ ತೆಗೆದಂತೆ ಬಿಳಿ ಇತ್ತು. ನೋಡಿದ್ದು ನೆನಪಿದೆ. ನಿಯಮಿತವಾಗಿ ನಿದ್ದೆ ಮಾಡುವವರು ಎಂದುಕೊಂಡದ್ದೂ ನೆನಪಿದೆ. ಅದು ನೀಲತ್ತೆಯ ದಾಖಲೆ ಎಂದು ಗೊತ್ತಿತ್ತು. ಆದರೆ ಆ ಹೊತ್ತಿಗೆ ಅದು ನನಗೆ ಬರೀ ಒಂದು ಸಂಖ್ಯೆ, ಇಪ್ಪತ್ತೊಂಬತ್ತು.

ಎಲ್ಲಕ್ಕೂ ಹೌದು ಒತ್ತಿದೆ.

ಸೊಸೆ ಎರಡು ನಿಮಿಷ ಯೋಚಿಸಿತು. ಇಪ್ಪತ್ತೊಂಬತ್ತನೆಯವರು ಒಲೆ, ಬಾಗಿಲು, ಅಂಗಳ, ಟೀವಿ, ಬೀದಿ ನೋಡುವವರು. ಒಂದು ಮೊಳಕ್ಕಿಂತ ಹತ್ತಿರದ ಕೆಲಸ ದಿನಕ್ಕೆ ಹನ್ನೊಂದು ನಿಮಿಷ. ಶಿಫಾರಸು: ಪೂರ್ತಿ ದೂರ, ಸೊನ್ನೆ.

*

ಶಸ್ತ್ರಕ್ರಿಯೆಯ ಹಿಂದಿನ ದಿನ ಅತ್ತೆ ಗೋಪುರದ ಹೋಗೂ ದಾರಿ ಮುಗಿಸಿದಳು. ಕಪ್ಪು ಸೆರಗಿನ ಮೇಲೆ ಬಿಳಿ ದಾರದ ಗೋಪುರ, ಮನೆ ಬಿಟ್ಟು ಮನೆ, ಚುಕ್ಕೆ ಚುಕ್ಕೆಯಾಗಿ ನಿಂತಿತ್ತು.

"ಇದಿಷ್ಟೂ ಮುಗಿಸಿಬಿಡು ಅತ್ತಿ," ಎಂದೆ.

"ಬರೂ ದಾರಿ ಹೊಸಾ ಕಣ್ಣಿಲೆ ಹಾಕತೀನಿ," ಎಂದಳು. ಸೂಜಿಯನ್ನು ಬಟ್ಟೆಗೇ ಚುಚ್ಚಿ, ಸೀರೆ ಮಡಚಿ ಪೆಟ್ಟಿಗೆಯಲ್ಲಿಟ್ಟಳು.

ಮರುದಿನ ಡಾಕ್ಟರ್ ಮುಧೋಳಕರ್ ಅವಳನ್ನು ಮೊದಲು ದೊಡ್ಡಪ್ಪನ ಕೆಳಗೆ ಮಲಗಿಸಿದರು, ಆಮೇಲೆ ಸೊಸೆಯ ಕೆಳಗೆ. ಒಂದೊಂದು ಕಣ್ಣಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ದೊಡ್ಡಪ್ಪ ಕಾರ್ನಿಯಾದ ಮೇಲುಪದರವನ್ನು ಮುಚ್ಚಳದಂತೆ ಎತ್ತಿ ಒಳಗೆ ಸವೆಸುತ್ತಿತ್ತು. ಸೊಸೆ ಪದರ ಎತ್ತದೆ ಒಳಗೇ ಮಸೂರದಂಥ ತೆಳು ಚೂರೊಂದನ್ನು ಕೊಯ್ಯುತ್ತಿತ್ತು. ಡಾಕ್ಟರು ಅದನ್ನು ಸಣ್ಣ ಸೀಳಿನಿಂದ ಎಳೆದು ತೆಗೆಯುತ್ತಿದ್ದರು. ಅತ್ತೆಯ ಚೂರನ್ನು ಇಕ್ಕಳದ ತುದಿಯಲ್ಲಿ ಹಿಡಿದು ದೀಪಕ್ಕೆ ತೋರಿಸಿದರು. ಈರುಳ್ಳಿಯ ಒಳಪೊರೆಯಂತಿತ್ತು.

"ಇಷ್ಟೇ ನೋಡ್ರಿ ನಿಮ್ಮ ನಂಬರು," ಎಂದರು.

ಮರುದಿನ ಬೆಳಿಗ್ಗೆ ಅವಳು ಎರಡೂ ಕಣ್ಣಿನಲ್ಲಿ ಕೊನೆಯ ಸಾಲು ಓದಿದಳು. ಮನೆಗೆ ಬರುವಾಗ ಬಸ್ಸಿನಲ್ಲಿ ಕಂಡ ಬೋರ್ಡುಗಳನ್ನೆಲ್ಲ ಓದಿದಳು: ಟೈರ್ ಅಂಗಡಿ, ಖಾನಾವಳಿ, ಬಾಡಿಗೆಗೆ ಮನೆ ಇದೆ. ಓದಿ ಓದಿ ಪಕ್ಕದವರು ತಿರುಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ಹಿಂದೆ ಸರಿದು, ಬಹಳ ಹೊತ್ತು ನೋಡಿದಳು.

"ದೊಡ್ಡ ಮಾರಿ ಐತೆಲ್ಲ ನಿಂದು," ಎಂದಳು. "ನಮ್ಮಣ್ಣನಂಗ."

ಆ ಎರಡು ವಾರ ನಮ್ಮ ಮನೆಯಲ್ಲಿ ಹಬ್ಬ.

*

ಹದಿನೈದನೆಯ ದಿನ, ನಾನು ರಜೆಯಲ್ಲಿದ್ದೆ. ಊಟವಾದ ಮೇಲೆ ಅತ್ತೆ ಪೆಟ್ಟಿಗೆಯಿಂದ ಸೀರೆ ತೆಗೆದು ಕಿಟಕಿಯ ಹತ್ತಿರ ಕುಳಿತಳು. ಕೈ ತಾನಾಗಿಯೇ ಕಿವಿಯ ಹಿಂದೆ ಹೋಗಿ ಇಲ್ಲದ ಕನ್ನಡಕ ತೆಗೆಯಿತು. ಬಲಗಣ್ಣು ಮುಚ್ಚಿದಳು. ಬಟ್ಟೆಯನ್ನು ನಾಲ್ಕು ಬೆರಳು ಹತ್ತಿರ ತಂದಳು. ಸ್ವಲ್ಪ ಹಿಂದೆ ಹಿಡಿದಳು. ಮತ್ತೆ ಹತ್ತಿರ. ತೋಳು ಚಾಚಿ ದೂರ ಹಿಡಿದಳು.

"ಗೋಪುರ ಕಾಣಸ್ತೈತಿ. ಬಟ್ಟಿ ಕಾಣವಲ್ದು."

"ಇನ್ನೂ ಮಾಯಬೇಕಲ್ಲ ಅತ್ತಿ," ಎಂದೆ. ನಾನು ಹಾಗೆಂದೇ ನಂಬಿದ್ದೆ.

ಒಂದು ತಿಂಗಳು ಕಾದೆವು. ಎರಡು ತಿಂಗಳು. ನಲವತ್ತು ದಾಟಿದ ಕಣ್ಣಿನ ಮಸೂರ ಹತ್ತಿರಕ್ಕೆ ಬಾಗುವುದಿಲ್ಲ. ಮೈನಸ್ ಒಂಬತ್ತು ಇದ್ದದ್ದರಿಂದಲೇ ಅವಳಿಗೆ ಆ ನಾಲ್ಕು ಬೆರಳಿನ ಜಗತ್ತು ಇತ್ತು. ಅದನ್ನು ನಾವು ಸವೆಸಿಬಿಟ್ಟಿದ್ದೆವು. ಓದುವ ಕನ್ನಡಕ ಕೊಡಿಸಿದೆ. ಅದರಲ್ಲಿ ಪೇಪರು ಓದಬಹುದು, ಕಪ್ಪಿನ ಮೇಲಿನ ಎಳೆ ಕಾಣುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದೆ. ಚಪ್ಪಟೆಯಾದ ಒಣ ಕಣ್ಣಿನ ಮೇಲೆ ಅದು ನಿಲ್ಲದೆ ಮೂರನೆಯ ದಿನ ಕಣ್ಣು ಕೆಂಡವಾಯಿತು. ಕೊನೆಗೆ ಅವಳ ಹಳೆಯ ದೋಷವನ್ನೇ, ಒಂಬತ್ತೂ ಎರಡೂಕಾಲೂ ಸೇರಿಸಿ, ಗಾಜಿನಲ್ಲಿ ಕಡೆಸಿ ತಂದೆ. ಗಾಜು ಗೋಲಿಯಂತೆ ಉಬ್ಬಿತ್ತು. ಅದನ್ನು ಹಾಕಿಕೊಂಡು ಅವಳು ಅರ್ಧ ಗಂಟೆ ಕುಳಿತಳು.

"ಎಳಿ ಕಾಣತಾವ," ಎಂದಳು. ನಾನು ಹತ್ತಿರ ಸರಿದೆ. "ಒಂದು ರೂಪಾಯಿ ಬಿಲ್ಲಿಯಷ್ಟು ಜಾಗಾದಾಗ ಕಾಣತಾವ. ಸುತ್ತಲೂ ಬಟ್ಟಿ ನೀರಾಗಿದ್ದಂಗ ತುಳಕತೈತಿ. ಹತ್ತು ಎಣಸೂದ್ರಾಗ ತಲಿ ಅಳ್ಳಾಡಿದ್ರ ಮತ್ತ ಒಂದರಿಂದ."

ಒಂದು ವಾರ ಪ್ರಯತ್ನಿಸಿದಳು. ಬಿಟ್ಟ ಮನೆಗಳಲ್ಲಿ ಆರು ತುಂಬಿ, ನಾಲ್ಕನ್ನು ಬಿಚ್ಚಿದಳು. ಆಮೇಲೆ ಸೀರೆ ಪೆಟ್ಟಿಗೆಗೆ ಹೋಯಿತು. ಮಧ್ಯಾಹ್ನ ಎರಡಕ್ಕೆ ಅತ್ತೆ ಚಾಪೆ ಹಾಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದಳು.

*

ಆ ದಾಖಲೆಯನ್ನು ನಾನು ಮತ್ತೆ ತೆರೆದದ್ದು ಗುರುಪಾದಪ್ಪನಿಂದ. ದುರ್ಗದಬೈಲಿನ ಹತ್ತಿರ ಗಡಿಯಾರ ರಿಪೇರಿ ಮಾಡುವ ಆತ ನಮ್ಮ ಹನ್ನೊಂದನೆಯವನು. ಆರು ತಿಂಗಳ ತಪಾಸಣೆಗೆ ಬಂದವನು ಪೇಡೆಯ ಪೊಟ್ಟಣ ತಂದಿದ್ದ.

"ಬಲಗಣ್ಣಿಲೆ ಬಸ್ಸು, ಎಡಗಣ್ಣಿಲೆ ಮುಳ್ಳು," ಎಂದ. "ಹೆಂಗ ಗೊತ್ತಾತ್ರಿ ಮಷೀನಿಗೆ, ನಂದು ಹಿಂಥಾ ಉದ್ಯೋಗ ಅಂತ?"

ಆತ ಕನ್ನಡಕದ ಮೇಲೆಯೇ ಭೂತಗನ್ನಡಿ ಸಿಗಿಸಿಕೊಂಡು ಕೆಲಸ ಮಾಡುತ್ತಿದ್ದ. ಆದ್ದರಿಂದ ಗೊತ್ತಾಯಿತು.

ಪೇಡೆ ನನ್ನ ಕೈಯಲ್ಲೇ ಉಳಿಯಿತು. ಅವನು ಹೋದ ಮೇಲೆ ಇಪ್ಪತ್ತೊಂಬತ್ತನ್ನು ತೆರೆದೆ. ಹದಿಮೂರು ಪಟ್ಟಿ. ಹದಿಮೂರು ಬಿಳಿ. ಒಂದೊಂದರ ಕೆಳಗೂ ಒಂದೇ ಬರಹ: ವಿಶ್ರಾಂತಿ. ದೃಢೀಕರಿಸಿದವರು, ದಾಕ್ಷಾಯಣಿ.

ದಾಖಲೆಯ ಒಂದು ಪ್ರತಿ ಮಾಡಿ, ಅದರಲ್ಲಿ ಆ ಬಿಳಿ ಜಾಗಗಳಿಗೆ 'ಅಲ್ಲ' ಒತ್ತಿ, ನಾಲ್ಕು ಬೆರಳಿನ ದೂರ ಬರೆದು, ಸೊಸೆಯನ್ನು ಮತ್ತೆ ಕೇಳಿದೆ. ಎರಡು ನಿಮಿಷ. ಶಿಫಾರಸು: ಎಡಗಣ್ಣನ್ನು ಮುಟ್ಟಬೇಡಿ.

ಡಾಕ್ಟರ್ ಮುಧೋಳಕರ್ ವರದಿಯ ಕೊನೆಯ ಪುಟ ತಿದ್ದುತ್ತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಒಳ್ಳೆಯ ಮನುಷ್ಯ, ನಡುವೆ ಬಾಯಿ ಹಾಕಲಿಲ್ಲ.

"ಸರ್, ಆ ಚೂರು ಇದ್ದರೆ ವಾಪಸು ಇಡಬಹುದಲ್ಲ?"

"ಇದ್ದರೆ ಪ್ರಯತ್ನ ಮಾಡಬಹುದಿತ್ತು." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವತ್ತೇ ಸುಡೋಕೆ ಹೋಗಿರುತ್ತೆ. ಅದು ನಿಯಮ."

"ವರದಿಯಲ್ಲಿ ಇದನ್ನ ಬರೀಬೇಕಲ್ಲ ಸರ್."

"ಏನಂತ ಬರೀತೀರಿ? ಎರಡೂ ಕಣ್ಣು ಕೊನೇ ಸಾಲು ಓದ್ತಾವೆ. ನಮ್ಮ ಫಾರ್ಮಿನಲ್ಲಿ ಅದು ತೊಂದರೆ ಅಲ್ಲ ದಾಕ್ಷಾಯಣಿ. ಅದು ಯಶಸ್ಸು."

ಜಗಳವಾಡಿದೆ. ಕೊನೆಗೆ ಅಡಿಟಿಪ್ಪಣಿಯಲ್ಲಿ ಒಂದು ಸಾಲಿಗೆ ಒಪ್ಪಿದರು: ಕನ್ನಡಕ ತೆಗೆದ ಅವಧಿಯನ್ನು ಮರುಪರಿಶೀಲಿಸುವುದು ಸೂಕ್ತ. ಅದರ ಮೇಲಿನ ಕೋಷ್ಟಕದಲ್ಲಿ ಇಪ್ಪತ್ತೊಂಬತ್ತನೆಯ ಸಾಲು ಹಾಗೆಯೇ ಇತ್ತು. ಬಲಗಣ್ಣು, ಎಡಗಣ್ಣು. ಎರಡು ಯಂತ್ರಗಳ ನಡುವೆ ವ್ಯತ್ಯಾಸ ಕಂಡುಬಂದಿಲ್ಲ.

ಮುಂದಿನ ತಂಡದಲ್ಲಿ ಆಸ್ಪತ್ರೆಯ ಸಿಬ್ಬಂದಿಗೆ ಅವಕಾಶವಿತ್ತು. ನನ್ನದು ಮೈನಸ್ ಏಳು; ಪಟ್ಟಿಯಲ್ಲಿ ಹೆಸರಿತ್ತು. ಹೊರಡುವ ಮೊದಲು ಅದನ್ನು ಹೊಡೆದು ಹಾಕಿದೆ. ನದಾಫ್ ನೋಡಿದ, ತಮಾಷೆ ಮಾಡಲಿಲ್ಲ.

*

ಮರುದಿನ ಶನಿವಾರ. ಮಧ್ಯಾಹ್ನ ಅತ್ತೆ ಚಾಪೆ ಬಿಡಿಸುತ್ತಿದ್ದಾಗ ಹೇಳಿದೆ. ಮಾಪಕ, ಬಿಳಿ ಪಟ್ಟಿ, ಗುಂಡಿ, ಎಲ್ಲ. ಅವಳು ಚಾಪೆಯ ಮೇಲೆ ಕುಳಿತು ಕೇಳಿದಳು.

"ಕನ್ನಡಕ ತೆಗದಾಗ ಅದಕ್ಕ ಏನೂ ತಿಳೀತಿದ್ದಿಲ್ಲನು?"

"ಇಲ್ಲ."

"ಅದಕ್ಕ ತಿಳೀಲಿಲ್ಲ. ಖರೆ. ನಿನಗ?"

ನಾನು ಕಿಟಕಿಯ ಕಡೆ ನೋಡಿದೆ.

"ನಾ ಮಲಗತಿದ್ನಿ ಅಂತ ಬರದಿ?"

"ಹೂಂ."

ಅವಳು ಚಾಪೆಯ ಅಂಚಿನ ಒಂದು ಕಡ್ಡಿಯನ್ನು ಒಳಗೆ ಸೇರಿಸಿದಳು. ಅದು ಮತ್ತೆ ಹೊರಗೆ ಬಂತು.

"ನೀ ಒಬ್ಬಾಕೀನ ಅಲ್ಲ ಬಿಡು. ಇಪ್ಪತ್ತೈದು ವರ್ಷ ಈ ಮನ್ಯಾಗ ಎಲ್ಲಾರೂ ಹಂಗ ತಿಳಕೊಂಡಿದ್ರು. ನಿಮ್ಮಜ್ಜಿ ಸಾಯೂ ಮುಂದ ಅಂದಿದ್ಲು, ನೀಲಾಗ ಮಧ್ಯಾಹ್ನ ಕೆಲಸಿಲ್ಲ, ಆಕಿ ನನ್ನ ಕಾಲು ಒತ್ತಲಿ ಅಂತ." ಕಡ್ಡಿಯನ್ನು ಮತ್ತೆ ಒಳಗೆ ತಳ್ಳುತ್ತ, "ಬರದದ್ದು ಈಗ ಖರೇ ಆತು ನೋಡು," ಎಂದಳು. ಬೈಯುವ ದನಿ ಅಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಲಗಿದಳು, ಗೋಡೆಯ ಕಡೆಗೆ.

ನಾನು ಪೆಟ್ಟಿಗೆಯಿಂದ ಸೀರೆ ತೆಗೆದೆ. ಕಿಟಕಿಯ ಹತ್ತಿರ ಅವಳ ಜಾಗದಲ್ಲಿ ಕುಳಿತು, ನನ್ನ ಕನ್ನಡಕ ತೆಗೆದು ಸ್ಟೀಲಿನ ಡಬ್ಬಿಯಲ್ಲಿಟ್ಟೆ. ಪಡಸಾಲೆ ಕರಗಿತು, ಗೋಡೆ, ಚಾಪೆ, ಅತ್ತೆ ಎಲ್ಲ ಒಂದು ಬಣ್ಣವಾದವು. ಬಟ್ಟೆಯನ್ನು ಮೂಗಿನ ಹತ್ತಿರ ತಂದಾಗ ಕಪ್ಪಿನೊಳಗಿಂದ ಎಳೆಗಳು ಎದ್ದು ನಿಂತವು. ನನಗೆ ಅವು ಬೇರೆ ಬೇರೆಯಾಗಲಿಲ್ಲ. ಹಾಸು ಹೊಕ್ಕು ಕೂಡಿಯೇ ಇದ್ದವು. ಸೂಜಿ ಅವಳು ಚುಚ್ಚಿಟ್ಟಲ್ಲೇ ಇತ್ತು. ಎಣಿಸಿದೆ. ಒಂದು ಮನೆ ತುಂಬಿದೆ. ಮತ್ತೆ ಎಣಿಸಿದೆ. ಗಂಟೆ ಐದಾಗುವಷ್ಟರಲ್ಲಿ ಹನ್ನೆರಡು ಮನೆ.

"ಎತ್ತಿ ಹಿಡಿ," ಎಂದಳು ಅತ್ತೆ.

ಅವಳು ಎದ್ದು ಕುಳಿತದ್ದು ಯಾವಾಗಲೋ. ಸೆರಗನ್ನು ಎರಡೂ ಕೈಯಲ್ಲಿ ಬೆಳಕಿಗೆ ಎತ್ತಿ ಹಿಡಿದೆ. ಅವಳಿದ್ದದ್ದು ಏಳೆಂಟು ಅಡಿ ಆಚೆ, ಚಾಪೆಯ ಮೇಲೆ. ನನಗೆ ಅವಳ ಮುಖ ಕಾಣುತ್ತಿರಲಿಲ್ಲ.

"ಎಡಕ್ಕ ಮೂರನೇ ಮನಿ. ಒಂದು ಎಳಿ ಜಾಸ್ತಿ ತಗೊಂಡಿ. ಅಲ್ಲಿಂದ ಮ್ಯಾಲ ಗೋಪುರ ವಾಲೇತಿ."

ನಾನು ಬಟ್ಟೆಯನ್ನು ಕಣ್ಣಿನ ಹತ್ತಿರ ತಂದು ಹುಡುಕಿದೆ. ಎಣಿಸಿದೆ. ನಾಲ್ಕಿರಬೇಕಾದಲ್ಲಿ ಐದಿತ್ತು.

"ಅಷ್ಟು ದೂರದಿಂದ ಕಾಣಸ್ತೈತೇನು ಅತ್ತಿ?"

"ಇಲ್ಲಿಂದಷ್ಟ ಕಾಣಸ್ತೈತಿ," ಎಂದಳು. "ಬಿಚ್ಚು."

ಬಿಚ್ಚತೊಡಗಿದೆ. ಮೂರನೆಯ ಮನೆಯವರೆಗೆ ಹತ್ತು ಮನೆ ಬಿಚ್ಚಬೇಕಿತ್ತು.